ತುರ್ತು: ‘ಲೈಫ್ ಸೈಕಲ್ ಅಸೆಸ್‌ಮೆಂಟ್’ – ಫಲಕಕ್ಕೊಂದು ಕನ್ನಡ ಪದ ಬೇಕು

ಉಡುಪಿಯಿಂದ, ಬುಧವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ.

ಕಾರ್ಕಳದ ಕಡೆ ನಾವು ನಾಲ್ಕು ಮಂದಿ ಸೇರಿ ಅಡಿಕೆ ಹಾಳೆಯ ತಟ್ಟೆ ಮಾಡುತ್ತೇವೆ. ಶನಿವಾರ ಉಡುಪಿಯಲ್ಲಿ ಮಳಿಗೆ ಹಾಕುತ್ತಿದ್ದೇವೆ, ಫಲಕ ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಹೋಗಬೇಕು. ನಮ್ಮ ತಟ್ಟೆಗೆ ‘ಲೈಫ್ ಸೈಕಲ್ ಅಸೆಸ್‌ಮೆಂಟ್’ ಮಾಡಿಸಿದ್ದೇವೆ. ಕಚ್ಚಾ ವಸ್ತು ಸಿಗುವಲ್ಲಿಂದ ಹಿಡಿದು ತಯಾರಿ, ಸಾಗಣೆ, ಬಳಕೆ, ಕಡೆಗೆ ಗೊಬ್ಬರದ ಗುಂಡಿ ಸೇರುವವರೆಗೆ ಒಂದು ವಸ್ತು ಪರಿಸರಕ್ಕೆ ಎಷ್ಟು ಭಾರ ಎಂಬ ಲೆಕ್ಕ ಅದು. ಈಗ ಬರೆದುಕೊಂಡಿರುವುದು ಹೀಗೆ: “ಅರೆಕಾ ತಟ್ಟೆ – ಜೀವನಚಕ್ರ ಮೌಲ್ಯಮಾಪನಕ್ಕೆ ಒಳಪಟ್ಟದ್ದು.” ಅಮ್ಮನಿಗೆ ಓದಿ ಹೇಳಿದೆ. “ಪರೀಕ್ಷೆ ಬರೆದದ್ದು ಯಾರು?” ಎಂದು ಕೇಳಿದರು. ದಯವಿಟ್ಟು ಪದ ಸೂಚಿಸಿ.

ಮಂಗಳೂರಿನಿಂದ

‘ಜೀವನಚಕ್ರ ಮೌಲ್ಯಮಾಪನ’ ಸರಿಯಾಗಿಯೇ ಇದೆ. ಇರುವ ಪದ ಬಿಟ್ಟು ಹೊಸದನ್ನು ಹುಡುಕುವುದು ಯಾಕೆ?

ಸುರತ್ಕಲ್‌ನಿಂದ

ಸರಿಯಾಗಿಲ್ಲ. ಅಮ್ಮನವರು ಕೇಳಿದ ಪ್ರಶ್ನೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

‘ಜೀವನಚಕ್ರ’ ಎಂದೊಡನೆ ಕಣ್ಣಿಗೆ ಬರುವುದು ಏಳನೆಯ ತರಗತಿಯ ಚಿತ್ರ: ಮೊಟ್ಟೆ, ಕಂಬಳಿಹುಳ, ಗೂಡು, ಚಿಟ್ಟೆ, ಮತ್ತೆ ಮೊಟ್ಟೆ. ಅಲ್ಲಿ ಚಕ್ರ ನಿಜವಾಗಿಯೂ ತಿರುಗುತ್ತದೆ. ತಟ್ಟೆ ತಿರುಗಿ ತಟ್ಟೆಯಾಗುವುದಿಲ್ಲ. ಈ ವಿದ್ಯೆಯವರೇ ‘ತೊಟ್ಟಿಲಿನಿಂದ ಗೋರಿಯವರೆಗೆ’ ಎನ್ನುತ್ತಾರೆ, ಅದು ಗೆರೆಯೇ ಹೊರತು ವೃತ್ತವಲ್ಲ. ಇನ್ನು ‘ಮೌಲ್ಯಮಾಪನ’ವನ್ನು ನಾವು ಉತ್ತರಪತ್ರಿಕೆಗೆ ಬರೆದುಕೊಟ್ಟು ಎಷ್ಟೋ ಕಾಲವಾಯಿತು. ಅಂಕ, ದರ್ಜೆ, ಪಾಸು, ಫೇಲು ಆ ಪದಕ್ಕೆ ಅಂಟಿಕೊಂಡಿವೆ.

ಕನ್ನಡಕ್ಕೆ ವಸ್ತುವಿನ ಬದುಕಿನ ಮಾತು ಹೊಸದಲ್ಲ. ಕೊಡೆ ‘ಬಾಳಿಕೆ’ ಬರುತ್ತದೆ, ಪಂಪಿನ ‘ಆಯುಷ್ಯ’ ಮುಗಿಯುತ್ತದೆ. ಆದರೆ ಬಾಳಿಕೆ ಬಳಕೆಯ ಅವಧಿಗಷ್ಟೇ ಸಲ್ಲುತ್ತದೆ, ಅಂಗಡಿಗೆ ಬರುವ ಮುಂಚಿನದು ಅದರಲ್ಲಿಲ್ಲ, ಎಸೆದ ಮೇಲಿನದೂ ಇಲ್ಲ. ಇಲ್ಲಿ ಬೇಕಿರುವುದೇ ಆ ಮುಂಚಿನದು ಮತ್ತು ಆಮೇಲಿನದು. ಅದಕ್ಕೆ ನಮ್ಮ ಮನೆಮನೆಯಲ್ಲಿ ಒಂದು ಪದ ಇದೆ: ಪೂರ್ವಾಪರ. ಸಂಬಂಧ ಬಂದರೆ ಹುಡುಗನ ಪೂರ್ವಾಪರ ವಿಚಾರಿಸುತ್ತೇವೆ. ಜಾಗ ಕೊಳ್ಳುವ ಮುಂಚೆ ಅದರ ಪೂರ್ವಾಪರ ನೋಡುತ್ತೇವೆ. ಹಿಂದು ಮುಂದು ನೋಡದೆ ಒಪ್ಪಬಾರದು ಎಂಬ ಎಚ್ಚರ ಆ ಪದದೊಳಗೇ ಇದೆ. ಊರಿನವರು ಕಡೆಯ ಕರ್ಮಗಳಿಗೆ ‘ಅಪರಕ್ರಿಯೆ’ ಎನ್ನುವುದನ್ನು ನೆನೆಯಿರಿ, ಅಂತ್ಯವೂ ಅದರೊಳಗೆ ಬಂತು. ‘ಹುಟ್ಟಿನಿಂದ ಚಟ್ಟದವರೆಗೆ’ ಎಂಬ ನುಡಿಗಟ್ಟು ಅರ್ಥಕ್ಕೆ ಇನ್ನೂ ಹತ್ತಿರ, ಆದರೆ ಊಟದ ತಟ್ಟೆಯ ಮೇಲೆ ಚಟ್ಟ ಬೇಡ.

ನನ್ನ ಸೂಚನೆ: ಪೂರ್ವಾಪರ ಲೆಕ್ಕ. ವರದಿಗೆ ಬೇಕಾದರೆ ‘ಸರಕಿನ ಪರಿಸರ ಪೂರ್ವಾಪರ’.

ವರದಿಯನ್ನೂ ಕನ್ನಡಕ್ಕೆ ತರುವುದಿದ್ದರೆ ಒಳಗಿನ ಪದಗಳೇ ಹೆಚ್ಚು ಕಾಡುತ್ತವೆ. ಈ ಲೆಕ್ಕಕ್ಕೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14040 ಇದನ್ನು ನಾಲ್ಕು ಹಂತ ಮಾಡುತ್ತದೆ: ಉದ್ದೇಶ ಮತ್ತು ವ್ಯಾಪ್ತಿ, ಒಳಬಂದದ್ದು ಹೊರಹೋದದ್ದರ ಪಟ್ಟಿ, ಪರಿಣಾಮದ ಅಳತೆ, ತಾತ್ಪರ್ಯ. ಎರಡನೆಯದಕ್ಕೆ ‘ದಾಸ್ತಾನು ವಿಶ್ಲೇಷಣೆ’ ಎಂದು ಬರೆದವರನ್ನು ನೋಡಿದ್ದೇನೆ. ದಾಸ್ತಾನು ಎಂದರೆ ಉಗ್ರಾಣದಲ್ಲಿ ಕೂಡಿಟ್ಟದ್ದು, ಇಲ್ಲಿ ಕೂಡಿಟ್ಟದ್ದು ಏನೂ ಇಲ್ಲ. ಎಷ್ಟು ನೀರು, ಎಷ್ಟು ವಿದ್ಯುತ್ತು ಒಳಗೆ ಹೋಯಿತು, ಎಷ್ಟು ಹೊಗೆ, ಎಷ್ಟು ಕೊಳೆನೀರು ಹೊರಗೆ ಬಂತು ಎಂಬುದು ‘ಜಮಾಖರ್ಚು’. ‘ಫಂಕ್ಷನಲ್ ಯೂನಿಟ್’ ಅನ್ನು ‘ಕಾರ್ಯಾತ್ಮಕ ಘಟಕ’ ಮಾಡಿದರೆ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ. ಒಂದು ಹಾಳೆತಟ್ಟೆಯನ್ನು ಒಂದು ಸ್ಟೀಲ್ ತಟ್ಟೆಯ ಪಕ್ಕ ಇಟ್ಟು ತೂಗಲಾಗದು. ಒಂದು ಒಂದೇ ಊಟಕ್ಕೆ, ಇನ್ನೊಂದು ಸಾವಿರಾರು ಊಟಕ್ಕೆ. ಹಾಗಾಗಿ ತೂಗಬೇಕಾದ್ದು ‘ಸಾವಿರ ಊಟ ಬಡಿಸುವ ಕೆಲಸ’. ಆಗ ಸ್ಟೀಲಿನ ಭಾರದೊಳಗೆ ತೊಳೆಯುವ ನೀರು, ಸಾಬೂನು ಎಲ್ಲವೂ ಬರುತ್ತವೆ. ಇದಕ್ಕೆ ‘ಹೋಲಿಕೆಯ ಅಳತೆಗೋಲು’ ಸಾಕು. ಸರಕು ಕಾರ್ಖಾನೆಯ ಬಾಗಿಲು ದಾಟುವಲ್ಲಿಗೆ ಲೆಕ್ಕ ನಿಲ್ಲಿಸುವ ‘ಕ್ರೇಡ್ಲ್ ಟು ಗೇಟ್’ಗೆ ‘ಹೊಸಿಲು ದಾಟುವವರೆಗಿನ ಲೆಕ್ಕ’ ಎನ್ನಿ.

ನಿಮ್ಮ ತಟ್ಟೆಯ ನಿಜವಾದ ತೊಡಕು ಬೇರೆಯೇ ಇದೆ. ತೋಟ ಮಾಡಿದ್ದು ಅಡಿಕೆಗೆ, ಹಾಳೆ ತಾನಾಗಿ ಬಿದ್ದದ್ದು. ತೋಟಕ್ಕೆ ಹಾಯಿಸಿದ ನೀರು, ಹಾಕಿದ ಗೊಬ್ಬರ, ಕೊಳೆರೋಗಕ್ಕೆ ಹೊಡೆದ ಮೈಲುತುತ್ತು-ಸುಣ್ಣದ ದ್ರಾವಣ, ಇದರಲ್ಲಿ ಹಾಳೆಯ ಪಾಲೆಷ್ಟು? ಸೊನ್ನೆ ಎಂದರೆ ತಟ್ಟೆ ಗೆಲ್ಲುತ್ತದೆ. ತೂಕಕ್ಕೆ ತಕ್ಕಂತೆ ಹಂಚಿದರೆ ಒಂದು ಉತ್ತರ, ಬೆಲೆಗೆ ತಕ್ಕಂತೆ ಹಂಚಿದರೆ ಇನ್ನೊಂದು. ‘ಅಲೊಕೇಶನ್’ ಎನ್ನುವ ಈ ಹಂಚಿಕೆಗೆ ನಮ್ಮ ಕೂಡುಕುಟುಂಬಗಳು ಎಂದೋ ಹೆಸರಿಟ್ಟಿವೆ: ‘ಪಾಲುಪಟ್ಟಿ’. ವರದಿಯಲ್ಲಿ ಪಾಲುಪಟ್ಟಿ ಹೇಗೆ ಮಾಡಿದ್ದಾರೆಂದು ಮೊದಲು ನೋಡಿ.

‘ಒಳಪಟ್ಟದ್ದು’ ಕೂಡ ಬೇಡ. ಲೆಕ್ಕ ಹಾಕಿಸಿದ್ದೇ ಗುಣವಲ್ಲ. ‘ಸ್ಟೀಲಿಗಿಂತ ಮೇಲು’ ಎಂದು ಬರೆಯುವ ಮನಸ್ಸಿದ್ದರೆ ತಡೆಯಿರಿ. ಹಾಗೆ ಹೋಲಿಸಿ ಸಾರ್ವಜನಿಕರೆದುರು ಹೇಳಬೇಕಾದರೆ ಐಎಸ್‌ಒ 14044ರ ಪ್ರಕಾರ ಪರಿಶೀಲನಾ ಸಮಿತಿಯ ವಿಮರ್ಶೆ ಆಗಿರಬೇಕು.

ಬಂಟ್ವಾಳದಿಂದ

ಕೇಳಿದ್ದು ಕನ್ನಡ ಪದ. ಕೊಟ್ಟದ್ದು ಸಂಸ್ಕೃತ. ‘ಪೂರ್ವ’, ‘ಅಪರ’ ಎರಡರಲ್ಲಿ ಒಂದಾದರೂ ನಮ್ಮದೇ?

ನಮ್ಮದೇ ‘ಬಾಳು’ ಇದೆಯಲ್ಲ: ಹಳಗನ್ನಡದ ‘ಬಾೞ್’, ತಮಿಳಿನ ‘ವಾೞ್’. ಅಲ್ಲಿಯ ವಕಾರ ಇಲ್ಲಿ ಬಕಾರ. ‘ವಿಲೈ’ ನಮಗೆ ‘ಬೆಲೆ’ ಆದದ್ದೂ ಅದೇ ದಾರಿಯಲ್ಲಿ. 1894ರಲ್ಲಿ ಇದೇ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಪದದ ಪಕ್ಕದಲ್ಲೇ ತಮಿಳು, ಮಲೆಯಾಳ, ತುಳುವಿನ ನಂಟನ್ನು ಕೊಟ್ಟಿದೆ, ತೆರೆದು ನೋಡುವವರಿಲ್ಲ. ಬಾಳು ಇದೆ, ಹಾದಿ ಇದೆ, ತೂಗು ಇದೆ. ಬಾಳುಹಾದಿ ತೂಕ. ಮೂರೂ ನೆಲದ ಪದಗಳು. ‘ಜಮಾಖರ್ಚು’ ಎಂಬ ಪರದೇಶಿ ಪದಕ್ಕಂತೂ ನನ್ನ ಒಪ್ಪಿಗೆ ಇಲ್ಲ.

ಅದಕ್ಕಿಂತ ಮುಖ್ಯ, ಫಲಕದ ಮೊದಲ ಪದವನ್ನು ಯಾರೂ ನೋಡಲಿಲ್ಲ. ‘ಅರೆಕಾ’! ಮಲೆಯಾಳದ ‘ಅಡಯ್ಕ’ ಪೋರ್ಚುಗೀಸರ ಬಾಯಲ್ಲಿ ‘ಅರೆಕಾ’ ಆಗಿ ಇಂಗ್ಲಿಷಿಗೆ ಹೋಯಿತು. ನಮ್ಮ ‘ಅಡಿಕೆ’ಯ ಒಡಹುಟ್ಟು ಅದು. ಅಡಿಕೆ ಸುಲಿದು ಬೆಳೆದ ಊರಿನವರು ಆ ಪದವನ್ನು ಕಡಲಾಚೆಯಿಂದ ತಿರುಗಿ ಕೊಳ್ಳಬೇಕೇ? ಇದೇ ಹಾಳೆಯಲ್ಲಿ ನಮ್ಮ ಹಿರಿಯರು ಮುಟ್ಟಾಳೆ ಮಾಡಿ ತಲೆಗೆ ಇಟ್ಟುಕೊಂಡರು. ‘ಅರೆಕಾ ಟೋಪಿ’ ಎಂದು ಯಾರೂ ಕರೆಯಲಿಲ್ಲ.

ಮಂಗಳೂರಿನಿಂದ

ಬಾಳುಹಾದಿ ತೂಕ ಎಂದರೆ ಅಕ್ಕಿ ಅಂಗಡಿಯ ತಕ್ಕಡಿ. ಯಾರಿಗೂ ಅರ್ಥವಾಗದು.

ಸುರತ್ಕಲ್‌ನಿಂದ

‘ಅರೆಕಾ’ ವಿಷಯದಲ್ಲಿ ಬಂಟ್ವಾಳದ ಹಿರಿಯರ ಮಾತು ನೂರಕ್ಕೆ ನೂರು ಸರಿ. ನನ್ನ ಕಣ್ಣು ತಪ್ಪಿತ್ತು.

ಉಳಿದದ್ದನ್ನು ಒಪ್ಪಲಾರೆ. ಕಿಟ್ಟೆಲರನ್ನು ಕರೆದಿರಿ, ಅವರ ನಿಘಂಟಿನಲ್ಲಿ ತತ್ಸಮವೂ ಇದೆ, ತದ್ಭವವೂ ಇದೆ, ಅನ್ಯದೇಶ್ಯವೂ ಇದೆ. ಮೂಲ ಗುರುತಿಸಿದರು, ಮನೆಯಿಂದ ಹೊರಗೆ ಹಾಕಲಿಲ್ಲ. ಈ ಕರಾವಳಿ ಪೋರ್ಚುಗೀಸರಿಂದ ‘ಚಾವಿ’ ತೆಗೆದುಕೊಂಡಿತು, ‘ಬಟಾಟೆ’ ತೆಗೆದುಕೊಂಡಿತು, ‘ಅನಾನಸು’ ತೆಗೆದುಕೊಂಡಿತು. ಇಲ್ಲದ್ದನ್ನು ತಂದುಕೊಂಡರೆ ಅದು ಸಾಲವಲ್ಲ, ಸಂಪಾದನೆ. ಇದ್ದದ್ದನ್ನು ಮರೆತು ‘ಅರೆಕಾ’ ತಂದರೆ ಅದು ನಷ್ಟ. ‘ಪೂರ್ವಾಪರ’ ಎಲ್ಲಿ ಹುಟ್ಟಿತು ಎನ್ನುವುದು ನನಗೆ ಎರಡನೆಯ ಮಾತು. ಓದು ಬರಹ ಇಲ್ಲದ ನನ್ನ ಅಜ್ಜಿಯ ಬಾಯಲ್ಲಿ ಅದು ಇತ್ತು, ‘ಬಾಳುಹಾದಿ’ ಇರಲಿಲ್ಲ.

ಬಂಟ್ವಾಳದಿಂದ

ಅಜ್ಜಿಯ ಬಾಯಿ ನಿಘಂಟಲ್ಲ.

ಸುರತ್ಕಲ್‌ನಿಂದ

ಅದಕ್ಕಿಂತ ದೊಡ್ಡ ನಿಘಂಟು ನನಗೆ ಗೊತ್ತಿಲ್ಲ.

ಉಡುಪಿಯಿಂದ, ಗುರುವಾರ

ಎಲ್ಲರಿಗೂ ಕೃತಜ್ಞತೆಗಳು. ಫಲಕ ಅಚ್ಚಿಗೆ ಹೋಗಿದೆ. ‘ಮೇಲು’ ಎಂಬ ಪದ ಎಲ್ಲಿಯೂ ಇಲ್ಲ. ವರದಿ ತೆರೆದು ನೋಡಿದೆ, ತೋಟದ ಭಾರದಲ್ಲಿ ಹಾಳೆಗೆ ಪಾಲು ಕೊಟ್ಟೇ ಇಲ್ಲ. ಅದನ್ನೂ ಫಲಕದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿಸಿದ್ದೇನೆ. ಈಗ ಇರುವುದು ಹೀಗೆ:

“ಹಾಳೆತಟ್ಟೆಯ ಪೂರ್ವಾಪರ: ಹಾಳೆ ಬಿದ್ದಲ್ಲಿಂದ ಮಣ್ಣು ಸೇರುವವರೆಗೆ ಪರಿಸರದ ಮೇಲಿನ ಭಾರ. ತೋಟದ ನೀರು, ಗೊಬ್ಬರ ಈ ಲೆಕ್ಕದಲ್ಲಿ ಸೇರಿಲ್ಲ.”

ಅಮ್ಮ ಓದಿದರು. “ಯಾಕೆ ಸೇರಿಸಲಿಲ್ಲ?” ಎಂದು ಕೇಳಿದರು.

ಬಂಟ್ವಾಳದಿಂದ

‘ಅರೆಕಾ’ ತೆಗೆದಿರಲ್ಲ, ಸಂತೋಷ. ‘ಭಾರ’ಕ್ಕೆ ‘ಹೊರೆ’ ಇತ್ತು.