ಪ್ರೀ-ಕೆಜಿ ಮಕ್ಕಳಿಗೆ ಕತ್ತರಿ ಯಾಕೆ ಕೊಡ್ತಾರೆ?

ಪ್ರಶ್ನೆ: ನಾಲ್ಕು ವರ್ಷದ ಮಕ್ಕಳ ತರಗತಿಯಲ್ಲಿ ಅಕ್ಷರ ತಿದ್ದಿಸೋದಕ್ಕಿಂತ ಕತ್ತರಿ, ಜೇಡಿಮಣ್ಣು, ಮಣಿ ಪೋಣಿಸೋದೇ ಜಾಸ್ತಿ. ಇದರಿಂದ ಬರವಣಿಗೆಗೆ ಉಪಯೋಗ ಇದೆಯಾ? ಕತ್ತರಿ ಕೊಟ್ಟರೆ ಕಾಗದ ತುಂಡಾಗೋ ಬದಲು ಅಲಗುಗಳ ಮಧ್ಯೆ ಮಡಚಿಕೊಳ್ಳುತ್ತೆ.

ಉತ್ತರ 1: ಇದೆ. ಪೆನ್ಸಿಲ್ ಹಿಡಿಯೋದೂ ಅದೇ ಬೆರಳುಗಳೇ ಅಲ್ಲವಾ? ಮಡಚಿಕೊಳ್ಳೋದಕ್ಕೆ ಮಗುವನ್ನು ಬೈಯಬೇಡಿ. ಕಾಗದ ತೀರಾ ತೆಳುವಾಗಿರುತ್ತೆ, ಇಲ್ಲವೇ ಹೆಬ್ಬೆರಳು ಕೆಳಗೆ ತಿರುಗಿ ಕತ್ತರಿ ವಾಲಿರುತ್ತೆ. ಹೆಬ್ಬೆರಳು ಮೇಲೆ, ಮೊಣಕೈ ಮೈಗೆ ಒತ್ತಿಕೊಂಡಿರಲಿ. ಮೊದಲು ಆಮಂತ್ರಣ ಪತ್ರಿಕೆಯಷ್ಟು ದಪ್ಪ ಕಾಗದದಲ್ಲಿ 2 ಸೆಂ.ಮೀ. ಅಗಲದ ಪಟ್ಟಿ ಕೊಡಿ, ಒಂದೇ ಕಚಕ್‌ಗೆ ತುಂಡಾಗಬೇಕು. ಆಮೇಲೆ ಅಗಲ ಪಟ್ಟಿ, ನೇರ ಗೆರೆ. ದುಂಡು ಆಕಾರ ಕೊನೆಗೆ, ಆಗ ತಿರುಗಬೇಕಾದ್ದು ಕಾಗದ, ಕತ್ತರಿಯಲ್ಲ.

ಉತ್ತರ 2: ಎಡಗೈ ಮಗುವಾದರೆ ಎಡಗೈ ಕತ್ತರಿಯೇ ಬೇಕು. ಬಲಗೈ ಕತ್ತರಿಯಲ್ಲಿ ಮೇಲಿನ ಅಲಗು ಗೆರೆಯನ್ನೇ ಮುಚ್ಚುತ್ತೆ, ಒತ್ತಿದಷ್ಟೂ ಅಲಗುಗಳು ದೂರ ಸರಿಯುತ್ತವೆ.

ಉತ್ತರ 3: ಕತ್ತರಿಗೂ ಮೊದಲು ಜೇಡಿಮಣ್ಣನ್ನು ಹಾವಿನ ಥರ ಹೊಸೆಸಿ, ಅದನ್ನೇ ಕತ್ತರಿಸಲಿ, ಮಡಚಿಕೊಳ್ಳೋ ತಂಟೆಯೇ ಇಲ್ಲ. ಮಣಿ ಪೋಣಿಸುವಾಗ ಎಣಿಕೆಯೂ ಆಗುತ್ತೆ. ಬಾಯಲ್ಲಿ 20ರವರೆಗೆ ಹೇಳೋ ಮಗು 5 ಮಣಿ ಎಣಿಸುವಾಗ ಒಂದನ್ನೇ ಎರಡು ಸಲ ಮುಟ್ಟಬಹುದು. ಎಣಿಸಿದ್ದನ್ನು ಪಕ್ಕದ ಬಟ್ಟಲಿಗೆ ಹಾಕಿಸಿ, ಕೊನೆಗೆ "ಒಟ್ಟು ಎಷ್ಟು?" ಅಂತ ಕೇಳಿ. ಮತ್ತೆ ಒಂದರಿಂದ ಶುರು ಮಾಡಿದರೆ ಕೊನೇ ಸಂಖ್ಯೆಯೇ ಮೊತ್ತ ಅನ್ನೋದು ಇನ್ನೂ ಹೊಳೆದಿಲ್ಲ ಅಂತ ಅರ್ಥ.