ಟ್ಯಾರೋ ಎಲೆಗಳನ್ನು ‘ಓದಿಕೊಳ್ಳುವುದು’ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ಧಾರವಾಡದಿಂದ ನಮಸ್ಕಾರಗಳು.

ಇಂಗ್ಲೆಂಡಿನ ಜೈಲೊಂದರಲ್ಲಿ ಪೇಗನ್ ಮತದ (ಕ್ರೈಸ್ತಪೂರ್ವ ಯುರೋಪಿನ ದೈವಗಳನ್ನು, ಪ್ರಕೃತಿಯನ್ನು ಪೂಜಿಸುವ) ಕೈದಿಗಳು ಒಟ್ಟಿಗೆ ಕೂತು ಟ್ಯಾರೋ ಎಲೆಗಳನ್ನು, ಅಂದರೆ ಚಿತ್ರ ಬರೆದ ಕಾರ್ಡುಗಳನ್ನು, ಬಳಸುವ ಬಗೆಯನ್ನು ವಿವರಿಸುವ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮುಂದೇನಾಗುತ್ತದೆ ಎಂದು ಅವರು ಆ ಎಲೆಗಳನ್ನು ಕೇಳುವುದಿಲ್ಲ. ಒಂದು ಎಲೆಯನ್ನು ತೆಗೆದು ನಡುವೆ ಇಡುತ್ತಾರೆ. ಆ ಚಿತ್ರದಲ್ಲಿ ತನ್ನ ಬದುಕಿನ ಯಾವ ಸಂಗತಿ ಕಾಣುತ್ತದೆ ಎಂದು ಪ್ರತಿಯೊಬ್ಬನೂ ತನ್ನೊಳಗೇ ಹುಡುಕಿ, ಮನಸ್ಸಿದ್ದರೆ ಉಳಿದವರಿಗೂ ಹೇಳುತ್ತಾನೆ. ಈ ಕೆಲಸಕ್ಕೆ ಕನ್ನಡದ ಯಾವ ಕ್ರಿಯಾಪದ ಸಲ್ಲುತ್ತದೆ ಎಂಬುದು ನನ್ನ ಮುಖ್ಯ ಪ್ರಶ್ನೆ.

ಹಿನ್ನೆಲೆಯಾಗಿ ಕೆಲವು ಮಾತು. ಟ್ಯಾರೋ ಕಟ್ಟಿನಲ್ಲಿ 78 ಎಲೆಗಳಿವೆ. 22 ದೊಡ್ಡವು, 56 ಚಿಕ್ಕವು. ಅವು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ ಆಟಕ್ಕಾಗಿಯೇ ಹುಟ್ಟಿದವು. ಭವಿಷ್ಯ ಹೇಳುವ ಬಳಕೆ ಬಲವಾದದ್ದು 18ನೆಯ ಶತಮಾನದ ಕೊನೆಯ ಫ್ರಾನ್ಸಿನಲ್ಲಿ. ಇಂದು ಹೆಚ್ಚು ಬಳಕೆಯಲ್ಲಿರುವ ಕಟ್ಟು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಚಿತ್ರಗಳನ್ನು ಬರೆದವರು ಪಮೆಲಾ ಕೋಲ್ಮನ್ ಸ್ಮಿತ್. ಹಿಂದಿನ ಹೆಚ್ಚಿನ ಕಟ್ಟುಗಳ ಚಿಕ್ಕ ಎಲೆಗಳಲ್ಲಿ ಕತ್ತಿ, ಬಟ್ಟಲುಗಳ ಗುರುತುಗಳಷ್ಟೇ ಇದ್ದರೆ, ಸ್ಮಿತ್ ಅವುಗಳಲ್ಲಿಯೂ ಮನುಷ್ಯರನ್ನೂ ಸನ್ನಿವೇಶಗಳನ್ನೂ ಚಿತ್ರಿಸಿದರು. ಎಲೆಯನ್ನು ನೋಡಿ ತನ್ನ ಕತೆಯನ್ನು ತಾನೇ ಹೇಳುವುದಕ್ಕೆ ಅವಕಾಶವಾದದ್ದು ಇದರಿಂದ.

ಈಗ ಕ್ರಿಯಾಪದದ ವಿಷಯ. ನಮ್ಮ ಕಡೆಯ ಮಾತುಗಳಲ್ಲೆಲ್ಲ ಹೇಳುವವನೊಬ್ಬ, ಕೇಳುವವನೊಬ್ಬ ಬೇಕೇ ಬೇಕು. ಕಣಿ ಹೇಳುತ್ತಾರೆ, ಶಾಸ್ತ್ರ ಹೇಳುತ್ತಾರೆ, ನಾವು ಕೇಳುತ್ತೇವೆ. ಜಾತ್ರೆಯಲ್ಲಿ ಗಿಳಿಶಾಸ್ತ್ರದವನ ಎದುರು ಕೂತರೆ ಎಲೆಯನ್ನು ಎತ್ತುವುದು ಗಿಳಿ, ಅರ್ಥ ಹೇಳುವುದು ಅದರ ಒಡೆಯ. ಕೂತವನ ಪಾಲಿಗೆ ತಲೆಯಾಡಿಸುವುದಷ್ಟೇ ಉಳಿಯುತ್ತದೆ. ಹಾವೇರಿ ಜಿಲ್ಲೆಯ ದೇವರಗುಡ್ಡದ ಕಾರ್ಣಿಕ ಮಾತ್ರ ತುಸು ಬೇರೆ. ಬಿಲ್ಲನ್ನೇರಿದ ಗೊರವಯ್ಯ ‘ಸದ್ದಲೇ’ ಎಂದು ಕೂಗಿ ನುಡಿಯುವುದು ಒಂದೇ ಸಾಲು. ಅದು ಮಳೆಗೋ ಬೆಳೆಗೋ ರಾಜಕಾರಣಕ್ಕೋ ಎಂಬುದನ್ನು ನೆರೆದ ಜನ ತಾವೇ ಬಿಡಿಸಿಕೊಳ್ಳುತ್ತಾರೆ. ಅರ್ಥ ಕೇಳುವವನ ಕೈಯಲ್ಲಿದೆ ಎಂಬಷ್ಟರಮಟ್ಟಿಗೆ ಜೈಲಿನ ಕೂಟಕ್ಕೆ ಇದು ಹತ್ತಿರ. ಆದರೂ ಕಾರ್ಣಿಕವು ಊರಿಗೆ, ನಾಡಿಗೆ ಬರುವ ನಾಳೆಯ ಮಾತು. ಒಬ್ಬ ಮನುಷ್ಯನ ನಿನ್ನೆಯನ್ನು ಅದು ತಡಕುವುದಿಲ್ಲ.

ಹೀಗಾಗಿ ‘ಕೊಳ್ಳು’ ಸೇರಿದ ರೂಪವೇ ಬೇಕೆಂದು ನನಗೆ ತೋರುತ್ತದೆ, ಮಾಡುವವನೂ ಪಡೆಯುವವನೂ ಒಬ್ಬನೇ ಎಂಬುದನ್ನು ಅದು ಒಂದೇ ಪದದಲ್ಲಿ ಹೇಳುತ್ತದೆ. ‘ಎಲೆ ಹಾಕಿಕೊಳ್ಳುವುದು’ ಎಂದರೆ ನಮ್ಮಲ್ಲಿ ಎಲೆಯಡಿಕೆಯ ಮಾತಾಗುತ್ತದೆ. ‘ನೋಡಿಕೊಳ್ಳುವುದು’ ಎಂಬುದಕ್ಕೆ ಆರೈಕೆಯ ಅರ್ಥವೂ ಇದೆ, ‘ನಿನ್ನ ನೋಡ್ಕೋತೀನಿ’ ಎಂಬ ಬೆದರಿಕೆಯೂ ಇದೆ. ಜೈಲಿನ ಪ್ರಸಂಗದಲ್ಲಿ ಎರಡನೆಯದೇ ಮೊದಲು ಕಿವಿಗೆ ಬೀಳುತ್ತದೆ. ಉಳಿಯುವುದು ‘ಓದಿಕೊಳ್ಳುವುದು’. ಯಾರ ನೆರವೂ ಇಲ್ಲದೆ, ಸಾವಧಾನವಾಗಿ, ತನಗಾಗಿ ಓದುವುದು ಎಂಬ ಅರ್ಥ ಅದಕ್ಕೆ ಈಗಾಗಲೇ ಇದೆ. ‘ಅವನು ಆ ಸಂಜೆ ತನ್ನ ಎಲೆಯನ್ನು ಓದಿಕೊಂಡನು’ ಎಂದು ಬರೆದರೆ ಭವಿಷ್ಯದ ನೆರಳು ಬೀಳುವುದಿಲ್ಲ ಎಂಬುದು ನನ್ನ ನಂಬಿಕೆ. ‘ಎಲೆ’ ಬಿಟ್ಟು ‘ಇಸ್ಪೀಟು’ ಎಂದರೆ ಅಡ್ಡೆ, ದಾಳಿ, ಜೂಜಿನ ಸುದ್ದಿಯೇ ನೆನಪಾಗುವುದರಿಂದ ಅದನ್ನು ಕೈಬಿಟ್ಟಿದ್ದೇನೆ.

ನಾಮಪದವಾಗಿ ‘ಆತ್ಮಾವಲೋಕನ’ವನ್ನೇ ಇಟ್ಟುಕೊಂಡಿದ್ದೇನೆ. ‘ಆತ್ಮಪರಿಶೀಲನೆ’ ಎಂಬುದರಲ್ಲಿ ತಪ್ಪು ಹುಡುಕುವ ಧ್ವನಿ ಇದೆ. ವಿಚಾರಣೆ, ಜಬಾನಿ, ಶಿಕ್ಷೆ ಇವೆಲ್ಲವನ್ನೂ ಕಂಡು ಬಂದ ಮನುಷ್ಯನ ಮೇಲೆ ಇನ್ನೊಂದು ಪರಿಶೀಲನೆಯನ್ನು ಹೊರಿಸುವುದು ಆ ಕೂಟದ ಉದ್ದೇಶವಲ್ಲ.

ಎಲೆಗಳ ಹೆಸರುಗಳಲ್ಲಿಯೂ ಇದೇ ಸೂಕ್ಷ್ಮ ಎದುರಾಗುತ್ತದೆ. ಹನ್ನೆರಡನೆಯ ದೊಡ್ಡ ಎಲೆಯಲ್ಲಿ ಒಬ್ಬ ಯುವಕ ಒಂದೇ ಕಾಲಿನಿಂದ ತಲೆಕೆಳಗಾಗಿ ತೂಗುತ್ತಿದ್ದಾನೆ. ಮುಖ ಶಾಂತವಾಗಿದೆ, ತಲೆಯ ಸುತ್ತ ಪ್ರಭೆಯಿದೆ. ನಾನು ನೋಡಿದ ಅನುವಾದವೊಂದರಲ್ಲಿ ಇವನು ‘ನೇಣಿಗೇರಿದವ’ ಆಗಿದ್ದಾನೆ. ಬೆಳಗಾವಿಯ ಹಿಂಡಲಗಾ ಜೈಲು ಎಂದರೆ ಗಲ್ಲನ್ನೇ ನೆನೆಯುವ ನಮ್ಮ ಸೀಮೆಯ ಓದುಗರಿಗೆ ಈ ಹೆಸರು ಚಿತ್ರಕ್ಕೆ ತೀರ ವಿರುದ್ಧವಾದದ್ದನ್ನು ಹೇಳುತ್ತದೆ. ‘ತಲೆಕೆಳಗಾದವ’ ಎಂಬುದು ನನ್ನ ಸೂಚನೆ; ಜಗತ್ತನ್ನು ಇನ್ನೊಂದು ಬದಿಯಿಂದ ಕಾಣುತ್ತಿರುವವ ಎಂಬ ಅರ್ಥಕ್ಕೂ ಅದರಲ್ಲಿ ಎಡೆಯಿದೆ. ಇಪ್ಪತ್ತನೆಯದನ್ನು ‘ತೀರ್ಪು’ ಎಂದರೆ ನ್ಯಾಯಾಲಯ ಕಣ್ಣೆದುರು ನಿಲ್ಲುತ್ತದೆ. ಚಿತ್ರದಲ್ಲಾದರೋ ದೇವದೂತ ಕಹಳೆ ಊದುತ್ತಿದ್ದಾನೆ, ಸತ್ತವರು ಪೆಟ್ಟಿಗೆಗಳಿಂದ ಕೈ ಚಾಚಿ ಏಳುತ್ತಿದ್ದಾರೆ. ಮೂಲವು ಕ್ರೈಸ್ತರ ಕಡೆಯ ದಿನದ ನ್ಯಾಯತೀರ್ಪೇ ಆಗಿರುವುದರಿಂದ ಇದನ್ನು ಬದಲಿಸುವ ಧೈರ್ಯ ನನಗೆ ಬಂದಿಲ್ಲ. ಕತ್ತಿಯ ಎಂಟನೆಯ ಎಲೆಯ ಹೆಸರಿನಲ್ಲಿ ತೊಡಕಿಲ್ಲ, ಆದರೆ ಅದರ ವರ್ಣನೆಯಲ್ಲಿ ಎಚ್ಚರ ಬೇಕು. ಕಣ್ಣಿಗೆ ಬಟ್ಟೆ ಕಟ್ಟಿ ಬಿಗಿದ ಹೆಣ್ಣೊಬ್ಬಳ ಸುತ್ತ ಎಂಟು ಕತ್ತಿಗಳು ನೆಟ್ಟಿವೆ, ಅವಳ ಎದುರು ಮಾತ್ರ ಯಾವ ಕತ್ತಿಯೂ ಇಲ್ಲ. ಅವಳನ್ನು ‘ಬಂದಿ’ ಎಂದು ಕರೆದುಬಿಟ್ಟರೆ ಆ ತೆರೆದ ಜಾಗ ಓದುಗನ ಕಣ್ಣು ತಪ್ಪುತ್ತದೆ. ‘ಕಟ್ಟಿಸಿಕೊಂಡವಳು’ ಎಂದಷ್ಟೇ ಬರೆದಿದ್ದೇನೆ.

‘ಪೇಗನ್’ ಎಂಬುದನ್ನು ಹಾಗೆಯೇ ಉಳಿಸಿದ್ದೇನೆ. ನಮ್ಮ ಹಳೆಯ ಮಿಶನರಿ ಬರಹಗಳ ‘ಅನ್ಯಜನ’, ‘ವಿಗ್ರಹಾರಾಧಕ’ ಎಂಬ ಮಾತುಗಳು ಹೊರಗಿನವರು ಇಟ್ಟ ಹೆಸರುಗಳು; ಬ್ರಿಟನ್ನಿನ ಇಂದಿನ ಪೇಗನ್ನರಾದರೋ ಆ ಹೆಸರನ್ನು ತಾವೇ ಒಪ್ಪಿಕೊಂಡವರು. ಅವರ ಪೇಗನ್ ಫೆಡರೇಶನ್ 1971ರಿಂದ ಇದೆ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳಿಗೆ ಕೈದಿಗಳ ಧಾರ್ಮಿಕ ಅಗತ್ಯಗಳನ್ನು ನೋಡಿಕೊಳ್ಳುವ ಪೇಗನ್ ಚಾಪ್ಲಿನ್‌ಗಳೂ ಹೋಗುತ್ತಾರೆ. ‘ಗುಂಪು’ ಎಂಬ ಪದ ಬೇಂದ್ರೆಯವರ ಗೆಳೆಯರ ಗುಂಪಿನಿಂದಾಗಿ ಧಾರವಾಡಕ್ಕೆ ಪ್ರಿಯವಾದದ್ದೇ ಹೌದು, ಆದರೆ ಜೈಲಿನೊಳಗೆ ‘ಗುಂಪು ಕಟ್ಟುವುದು’ ಎಂದರೆ ಬಣದ ಮಾತಾಗುವುದರಿಂದ ‘ಕೂಟ’ ಎಂದು ಬರೆದಿದ್ದೇನೆ.

ಗದಗ, ಹಾವೇರಿ ಕಡೆಯ ಸದಸ್ಯರಲ್ಲಿ ಒಂದು ವಿಶೇಷ ಕೋರಿಕೆಯಿದೆ. ಯಾರ ಬಳಿಯೂ ಹೋಗದೆ, ತಾನೇ ಒಂದು ಗುರುತನ್ನು ಎದುರಿಗಿಟ್ಟುಕೊಂಡು ತನ್ನ ಮನಸ್ಸನ್ನು ತಿಳಿಯಲು ಕೂರುವುದಕ್ಕೆ ನಿಮ್ಮ ಮನೆಯ ಹಿರಿಯರ, ಅದರಲ್ಲಿಯೂ ಹೆಣ್ಣುಮಕ್ಕಳ ಮಾತಿನಲ್ಲಿ ಬೇರೆ ಕ್ರಿಯಾಪದವಿದ್ದರೆ, ಅದು ಬಳಕೆಯಾಗುವ ಒಂದು ವಾಕ್ಯದೊಡನೆ ದಯವಿಟ್ಟು ಬರೆಯಿರಿ. ಇಲ್ಲವಾದರೆ ‘ಓದಿಕೊಳ್ಳುವುದು’ ನಿಮ್ಮ ಕಿವಿಗೆ ಒಪ್ಪುತ್ತದೆಯೇ ಎಂಬುದನ್ನಾದರೂ ತಿಳಿಸಿರಿ.