ಸಹಾಯ ಬೇಕು: ಹಳೇ ಸ್ವಿಫ್ಟ್‌ಗೆ 45 ಸಾವಿರದೊಳಗೆ ಸಸ್ಪೆನ್ಷನ್

ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ ಬರೀತಿದೀನಿ. ನನ್ನದು 2008ರ ಪೆಟ್ರೋಲ್ ಸ್ವಿಫ್ಟ್. ವರ್ಷಕ್ಕೆರಡು ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಒಯ್ತೀನಿ. ಉಳಿದ ದಿನ ಇದೇ ಗಾಡೀಲಿ ಹರಿಹರಕ್ಕೆ ಕೆಲಸಕ್ಕೆ ಹೋಗಿಬರೋದು.

ಕಳೆದ ಸಲ ಬಂದು ವೀಲ್ ಬಿಚ್ಚಿದ್ರೆ ಎಡಗಡೆ ಮುಂದಿನ ಸ್ಟ್ರಟ್ (ಸ್ಪ್ರಿಂಗ್ ಹೊತ್ತಿರೋ ಶಾಕ್ ಅಬ್ಸಾರ್ಬರ್) ಮೈಯೆಲ್ಲಾ ಎಣ್ಣೆ, ಅದರ ಮೇಲೆ ಧೂಳು ಮೆತ್ತಿಕೊಂಡಿತ್ತು. ಟಯರಿನ ಹೊರ ಅಂಚು ಬೆರಳಾಡಿಸಿದ್ರೆ ನುಣ್ಣಗೆ, ಒಳಗಡೆ ಅಚ್ಚು ಇನ್ನೂ ಹಾಗೇ ಇದೆ. ತಿರುವಿನಲ್ಲಿ ಗಾಡಿ ವಾಲಿದಾಗ ಕ್ಯಾಂಬರ್ (ವೀಲಿನ ಮೇಲ್ತುದಿ ಒಳಕ್ಕೆ ವಾಲಿರೋ ಕೋನ) ಸಾಲ್ತಿಲ್ಲ ಅನ್ನೋದು ಸ್ಪಷ್ಟ.

ಇಲ್ಲಿನ ಮೆಕ್ಯಾನಿಕ್ ಒಬ್ರು ಸ್ಪ್ರಿಂಗ್ ಒಂದು ಸುತ್ತು ಕತ್ತರಿಸೋಣ ಅಂದ್ರು. ನಾನು ಒಪ್ಪಲಿಲ್ಲ. ಗಟ್ಟಿಯಾಗುತ್ತೆ ನಿಜ, ಆದ್ರೆ ವೀಲ್ ಪೂರ್ತಿ ಇಳಿದಾಗ ಸ್ಪ್ರಿಂಗ್ ಸೀಟಿನಿಂದ ಜಾರಿದ್ರೆ? ಮನೆಯವರನ್ನೂ ಇದೇ ಗಾಡೀಲಿ ಕೂರಿಸ್ಕೊಂಡು ಹೋಗ್ತೀನಿ.

ಈ ದುಡ್ಡಿಗೆ ಅಗ್ಗದ ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್) ಹಾಕಿಸೋದಾ, ಇಲ್ಲ ಒಳ್ಳೇ ಗ್ಯಾಸ್ ಶಾಕ್, ಸ್ವಲ್ಪ ಗಟ್ಟಿ ಸ್ಪ್ರಿಂಗ್, ಕ್ಯಾಂಬರ್ ಬೋಲ್ಟ್ ಸಾಕಾ? ನನ್ನ ಮನಸ್ಸು ಎರಡನೇದರ ಕಡೆಗಿದೆ. ಹಿಂದೆ ಟಾರ್ಷನ್ ಬೀಮ್ (ಎರಡೂ ವೀಲ್ ಜೋಡಿಸೋ, ತಿರುಚಿಕೊಳ್ಳೋ ಅಡ್ಡ ತೊಲೆ) ಇರೋದ್ರಿಂದ ಅಲ್ಲಿ ಗಾಡಿ ವಾಲೋದು ತಡೆಯೋ ಹೆಚ್ಚುವರಿ ಬಾರ್ ಹಾಕಿಸಿದೋರು ಇದ್ರೆ, ಮಳೇಲಿ ಹಿಂಭಾಗ ಜಾರುತ್ತಾ ಅಂತ ದಯವಿಟ್ಟು ತಿಳಿಸಿ.

ದಾವಣಗೆರೆ, ಚಿತ್ರದುರ್ಗ, ಹುಬ್ಬಳ್ಳಿ ಕಡೆ ಮುಂದಿನ ವೀಲ್ ಎರಡಕ್ಕೂ ಮೈನಸ್ 2 ಡಿಗ್ರಿ ಕ್ಯಾಂಬರ್ ಕೂರಿಸಿ ಪ್ರಿಂಟ್ ಕೊಡೋ ಅಲೈನ್‌ಮೆಂಟ್ ಅಂಗಡಿ ಇದ್ರೂ ಹೇಳಿ.